ಇಂಕಾ ನಾಡಿಗೆ ಹೊರಟಿರಾ? ಕುಸ್ಕೊವನ್ನು ಕೊನೆಗಿಡಿ

ಪೆರು ಪ್ರವಾಸ ಕೆಡುವುದು ಬಹುತೇಕ ಮೊದಲ ದಿನವೇ. ರಾಜಧಾನಿ ಲಿಮಾದಿಂದ ಬಂದ ವಿಮಾನ ಇಳಿದವರು, ಇಂಕಾಗಳ ಹಳೆಯ ರಾಜಧಾನಿಯಾದ ಎತ್ತರದ ಕುಸ್ಕೊದ ಹೋಟೆಲಿನಲ್ಲಿ ಚೀಲ ಇಟ್ಟು, ಅದೇ ಮಧ್ಯಾಹ್ನ ಸಾಕ್ಸಾಯ್‌ವಾಮಾನ್ ಕೋಟೆ ಹತ್ತಲು ಹೊರಡುತ್ತಾರೆ. ರಾತ್ರಿ ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, ಮರುದಿನದ ಟಿಕೆಟ್ ವ್ಯರ್ಥವಾಗುತ್ತದೆ. ಹೀಗೆ ಹಾಸಿಗೆ ಹಿಡಿದವರನ್ನು ಎಷ್ಟೋ ಮಂದಿ ನೋಡಿದ್ದೇನೆ.

ಮೊದಲು ಟಿಕೆಟ್. ವಿಮಾನಕ್ಕಿಂತ ಮುಂಚೆ, ಬೆಟ್ಟದ ಮೇಲಿನ ಇಂಕಾ ಪಾಳುನಗರ ಮಾಚು ಪಿಚುವಿನ ಪ್ರವೇಶ ಕಾಯ್ದಿರಿಸಿ. ದಿನ, ಗಂಟೆ, ನಡೆಯುವ ದಾರಿ ಮೂರೂ ಟಿಕೆಟ್ಟಿನಲ್ಲೇ ನಿಗದಿಯಾಗಿರುತ್ತವೆ. ದಾರಿಗಳಲ್ಲಿ ಎರಡನೇ ಸರ್ಕ್ಯೂಟ್ ಆರಿಸಿಕೊಳ್ಳಿ. ಮೇಲಿನಿಂದ ಕಾಣುವ ಪ್ರಸಿದ್ಧ ನೋಟ, ಕಟ್ಟಡಗಳ ನಡುವಿನ ಓಡಾಟ ಎರಡೂ ಸಿಗುತ್ತವೆ. ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಮಳೆಯಿಲ್ಲದ ಮೇ–ಸೆಪ್ಟೆಂಬರ್ ಒಳ್ಳೆಯ ಕಾಲ.

ಇನ್ನು ಎತ್ತರ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟೇ. ಮಾಚು ಪಿಚು ಇದಕ್ಕಿಂತ ಸಾವಿರ ಮೀಟರಿನಷ್ಟು ಕೆಳಗೆ, 2,430 ಮೀಟರಿನಲ್ಲಿದೆ ಎಂಬುದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಆದ್ದರಿಂದ ಕುಸ್ಕೊ ನಿಲ್ದಾಣದಲ್ಲಿ ಇಳಿದವರೇ ಊರೊಳಗೆ ಹೋಗದೆ, ಕಾರು ಹಿಡಿದು ಉರುಬಾಂಬಾ ಕಣಿವೆಗೆ ಇಳಿಯಿರಿ. ಸುಮಾರು 2,800 ಮೀಟರಿನಲ್ಲಿರುವ ಒಯಾಂತಾಯ್ತಾಂಬೊದಲ್ಲಿ ಎರಡು ರಾತ್ರಿ ತಂಗಿ. ಮೊದಲ ಸಂಜೆ ಏನನ್ನೂ ಹತ್ತಬೇಡಿ. ನೀರು ಕುಡಿಯಿರಿ, ಹಗುರವಾಗಿ ಉಣ್ಣಿರಿ, ಮದ್ಯ ಬೇಡ. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆಯ ವಿಚಾರವನ್ನು ಊರು ಬಿಡುವ ಮುನ್ನವೇ ವೈದ್ಯರಲ್ಲಿ ಕೇಳಿ; ಸಲ್ಫಾ ಔಷಧಿಗಳ ಅಲರ್ಜಿ ಇದ್ದವರು ಅದನ್ನು ಮರೆಯದೆ ಹೇಳಬೇಕು. ಅಂಗಡಿಗಳಲ್ಲಿ ಮಾರುವ ಆಮ್ಲಜನಕದ ಡಬ್ಬಿಗೆ ದುಡ್ಡು ಸುರಿಯಬೇಡಿ, ಅದರ ಉಪಶಮನ ಕೆಲವು ನಿಮಿಷದ್ದು. ಕೋಕಾ ಎಲೆಯ ಚಹಾವನ್ನು ಅಲ್ಲೇ ಕುಡಿಯಿರಿ, ಎಲೆಯನ್ನು ಮಾತ್ರ ಊರಿಗೆ ತರಬೇಡಿ. ಭಾರತದಲ್ಲಿ ಅದು ಅಪರಾಧ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ ಬೆಳಗಾಗಲೆಂದು ಕಾಯದೆ ಕೆಳಗಿಳಿದು ವೈದ್ಯರನ್ನು ಕಾಣಿ.

ರೈಲು. ಒಯಾಂತಾಯ್ತಾಂಬೊದಿಂದ ಮಾಚು ಪಿಚುವಿನ ಬುಡದ ಊರು ಅಗ್ವಾಸ್ ಕಾಲಿಯೆಂತೆಸ್‌ಗೆ ರೈಲು, ಅಲ್ಲಿಂದ ಬೆಟ್ಟಕ್ಕೆ ಅರ್ಧ ಗಂಟೆಯ ಬಸ್ಸು. ದೊಡ್ಡ ಪೆಟ್ಟಿಗೆಯನ್ನು ಹೋಟೆಲಿನಲ್ಲೇ ಬಿಡಿ. ಶೌಚಾಲಯ ಇರುವುದು ಪ್ರವೇಶದ್ವಾರದ ಹೊರಗೆ ಮಾತ್ರ.

ಕೊನೆಗೆ ಕುಸ್ಕೊ, ಹಳೆಯ ಗೋಡೆಗಳ ನಡುವೆ ವಾಸ. ಈ ಹೊತ್ತಿಗೆ ದೇಹ ಒಗ್ಗಿರುತ್ತದೆ. ಒಂದೆರಡು ರಾತ್ರಿಗಾದರೂ ಪಾರಂಪರಿಕ ಹೋಟೆಲಿನಲ್ಲೇ ಇರಿ. ಮೊನಾಸ್ಟೆರಿಯೊ ಹೋಟೆಲು ಹಿಂದೆ ಪಾದ್ರಿಗಳ ಗುರುಕುಲವಾಗಿತ್ತು. ಕಮಾನುಗಳ ಅಂಗಳ ಇಂದಿಗೂ ಹಾಗೆಯೇ ಇದೆ. ಬಾಡಿಗೆ ದುಬಾರಿ ಎನಿಸಿದರೆ ಅಂಗಳವಿರುವ ಸಣ್ಣ ವಸಾಹತು ಕಾಲದ ಮನೆಗಳನ್ನು ಹುಡುಕಿ. ಕಾಯ್ದಿರಿಸುವಾಗ ಎರಡನ್ನು ಕೇಳಿ: ಕೊಠಡಿಯಲ್ಲಿ ಹೀಟರ್ ಇದೆಯೇ, ಬಾಗಿಲವರೆಗೆ ಕಾರು ಬರುತ್ತದೆಯೇ? ಜೂನ್–ಜುಲೈ ರಾತ್ರಿಗಳಲ್ಲಿ ಚಳಿ ಶೂನ್ಯದ ಹತ್ತಿರ ಇಳಿಯುತ್ತದೆ. ಇನ್ನು ಕುಸ್ಕೊದ ಹಳೆಯ ಬಡಾವಣೆ ಸಾನ್ ಬ್ಲಾಸ್‌ನ ಓಣಿಗಳಲ್ಲಿ ಬರೀ ಮೆಟ್ಟಿಲು.

ಹತೂನ್ ರುಮಿಯೋಕ್ ಬೀದಿಯಲ್ಲಿ ಹನ್ನೆರಡು ಮೂಲೆಯ ಕಲ್ಲನ್ನು ಹತ್ತಿರದಿಂದ ನೋಡಿ, ಮುಟ್ಟಬೇಡಿ. ಗಾರೆಯಿಲ್ಲದೆ ಪಕ್ಕದ ಕಲ್ಲುಗಳೊಡನೆ ಹೇಗೆ ಕೂಡಿದೆ ಎಂದರೆ ಸಂದಿಯಲ್ಲಿ ಕಾಗದವೂ ತೂರದು. ಮಧ್ಯಾಹ್ನವನ್ನು ಪೂರ್ತಿ ಕೊರಿಕಾಂಚಾಗೆ ಕೊಡಿ. ಸೂರ್ಯದೇಗುಲದ ಮೇಲೆ ಸ್ಪೇನಿನವರು ಮಠ ಕಟ್ಟಿದ್ದರು. 1950ರ ಭೂಕಂಪದಲ್ಲಿ ಮಠ ಬಿರುಕು ಬಿಟ್ಟಿತು, ಇಂಕಾ ಗೋಡೆ ಕದಲಲಿಲ್ಲ. ಹಲವು ತಾಣಗಳಿಗೆ ಒಟ್ಟಾಗಿ ಕೊಡುವ ಪ್ರವಾಸಿ ಟಿಕೆಟ್ ಇಲ್ಲಿ ನಡೆಯುವುದಿಲ್ಲ, ಬಾಗಿಲಲ್ಲೇ ಬೇರೆ ಕೊಳ್ಳಬೇಕು.