ಒಣ ಸೈಡರ್: ನುಂಗಿದ ಮೇಲೆ ತಿಳಿಯುವ ರುಚಿ

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನೆಲೆಸಿದ ಮೇಲೆ ಪಕ್ಕದ ಸೊಮರ್ಸೆಟ್ ತೋಟಗಳ ಸೈಡರ್, ಅಂದರೆ ಸೇಬಿನ ರಸವನ್ನು ಹುದುಗಿಸಿ ಮಾಡಿದ ಮದ್ಯದ ರುಚಿ ನೋಡುವುದು ನನ್ನ ವಾರಾಂತ್ಯದ ಚಟ. ಊರಿಂದ ಬಂದ ಗೆಳೆಯರಿಗೆ ಒಂದು ಲೋಟ ಕೊಟ್ಟರೆ ಬಹುತೇಕರು ಕೇಳುವುದು ಒಂದೇ: "ಇದರಲ್ಲಿ ಸೇಬೇ ಇಲ್ಲವಲ್ಲೋ?" ಸರಿಯಾಗೇ ಕೇಳುತ್ತಾರೆ. ಒಣ (ಡ್ರೈ) ಸೈಡರ್‌ನಲ್ಲಿ ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿರುತ್ತದೆ. ಸಿಹಿಯ ಜೊತೆಗೆ ನಾವು ಸೇಬಿನ ರುಚಿ ಅಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಹೋಗಿಬಿಡುತ್ತದೆ.

ಅದರ ಸೇಬೂ ತಿನ್ನುವ ಸೇಬಲ್ಲ. ಡ್ಯಾಬಿನೆಟ್ ಕಹಿ-ಸಿಹಿ ಜಾತಿ, ಕಿಂಗ್‌ಸ್ಟನ್ ಬ್ಲ್ಯಾಕ್ ಕಹಿ-ಹುಳಿ. ಬ್ರಿಸ್ಟಲ್ ಪಕ್ಕದ ಲಾಂಗ್ ಆಶ್ಟನ್ ಸಂಶೋಧನಾ ಕೇಂದ್ರದವರು ಹಾಕಿಕೊಟ್ಟ ಲೆಕ್ಕದಂತೆ ರಸದಲ್ಲಿ ಕಹಿ-ಒಗರು ಕೊಡುವ ಟ್ಯಾನಿನ್ ಶೇ. 0.2ಕ್ಕಿಂತ ಹೆಚ್ಚಿದ್ದರೆ ಅದು ಕಹಿ ಗುಂಪಿಗೆ ಸೇರುತ್ತದೆ, ಅದರ ಜೊತೆಗೆ ಆಮ್ಲವೂ ಶೇ. 0.45 ದಾಟಿದರೆ ಕಹಿ-ಹುಳಿ.

ನಾನು ಸೈಡರನ್ನು ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟು, 12 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಕುಡಿಯುತ್ತೇನೆ. ತೀರಾ ತಣ್ಣಗಿದ್ದರೆ ಪರಿಮಳ ಅಡಗಿ ಒಗರು ಮಾತ್ರ ಮುಂದೆ ಬರುತ್ತದೆ. ಮೊದಲ ಗುಟುಕನ್ನು ಬಾಯೆಲ್ಲ ಆಡಿಸುತ್ತೇನೆ. ಹುಳಿ ನಾಲಿಗೆಗೆ ತಟ್ಟುತ್ತದೆ, ಟ್ಯಾನಿನ್ ಮಾತ್ರ ಹಸಿ ಅಡಿಕೆ ಅಗಿದ ಹಾಗೆ ಒಸಡನ್ನು ಹಿಡಿಯುತ್ತದೆ. ಆ ಹಿಡಿತ ಒರಟೋ ನಯವೋ ಎಂಬುದರ ಮೇಲೆಯೇ ನನ್ನ ಅರ್ಧ ತೀರ್ಮಾನ.

ಮೂಗಿಗೆ ಲವಂಗ, ಹೊಗೆ, ಚೂರು ಕೊಟ್ಟಿಗೆಯ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ಟ್ಯಾನಿನ್ ಇರುವ ಸೇಬಿನ ರಸದಲ್ಲಿ ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿಸುವಾಗ ಇದೂ ಹುಟ್ಟಿಕೊಳ್ಳಬಹುದು. ಉಗುರುಬಣ್ಣ ಅಳಿಸುವ ದ್ರವದ ಘಾಟು ಬಂದರೆ, ಗಂಟಲು ಸುಟ್ಟರೆ, ಅದು ವಿನೆಗರ್ ಆಗುವ ದಾರಿ ಹಿಡಿದಿದೆ. 'ಹಳ್ಳಿಯ ಸೊಗಡು' ಅಂತ ಅದನ್ನೂ ಹೊಗಳುವವರಿದ್ದಾರೆ, ಹೊಗಳಲಿ.

ಎಲ್ಲಕ್ಕಿಂತ ಮೋಸದ ದೋಷ ಇಲಿ ವಾಸನೆ. ಲೋಟವನ್ನು ಎಷ್ಟು ಮೂಸಿದರೂ ಸಿಗುವುದಿಲ್ಲ. ಸೈಡರ್‌ನ ಹುಳಿಯಲ್ಲಿ ಆ ಸಂಯುಕ್ತಗಳು ಆವಿಯಾಗದೆ ಉಳಿದಿರುತ್ತವೆ. ನುಂಗಿದ ಮೇಲೆ ಎಂಜಲು ಹುಳಿಯನ್ನು ತಗ್ಗಿಸಿದಾಗ ಗಂಟಲಿನ ಹಿಂದಿನಿಂದ ಮೇಲೇಳುತ್ತವೆ. ಕೆಲವರಿಗೆ ಅದು ತಿಳಿಯುವುದೇ ಇಲ್ಲ. ನನ್ನ ಹೆಂಡತಿಗೆ ಥಟ್ಟನೆ ಗೊತ್ತಾಗುತ್ತದೆ, ನನಗೆ ತಡ. ಅದಕ್ಕೇ ಒಂದು ಹನಿಯನ್ನು ಅಂಗೈ ಹಿಂಬದಿಗೆ ಉಜ್ಜಿ ಮೂಸುತ್ತೇನೆ. ಚರ್ಮದ ಮೇಲೂ ಹುಳಿ ತಗ್ಗುತ್ತದೆ. ತೋಟದವರು ಪೀಪಾಯಿಯಿಂದ ಸ್ಯಾಂಪಲ್ ಕೊಟ್ಟಾಗಲೂ ಅಷ್ಟೆ: ನುಂಗಿ, ಕೈ ಮೂಸಿ, ಅರ್ಧ ನಿಮಿಷ ಸುಮ್ಮನಿದ್ದು ಆಮೇಲೆ ತುಂಬಿಸಿಕೊಳ್ಳಲು ಕ್ಯಾನು ಮುಂದೆ ಮಾಡುತ್ತೇನೆ.