ಬೆಟ್ಟುಗದ್ದೆಯಲ್ಲಿ ಬಿಎಂಎಕ್ಸ್ ರೇಸ್ ಟ್ರ್ಯಾಕ್ ಮಾಡುವುದು ಹೀಗೆ

ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಎತ್ತರದ ಬೆಟ್ಟುಗದ್ದೆಗೆ ಕೆಲಸವಿಲ್ಲ. ತಗ್ಗಿನ ಬೈಲುಗದ್ದೆಯಲ್ಲಿ ನೀರಿರುತ್ತದೆ, ಸುಗ್ಗಿ ಬೆಳೆಗೆ ಮತ್ತೆ ಉಳುತ್ತಾರೆ. ಬೆಟ್ಟು ಮಾತ್ರ ಮಳೆ ಬರುವ ತನಕ ಒಣಗಿ ಬಿದ್ದಿರುತ್ತದೆ. ಎಂಬತ್ತರ ದಶಕದ ಕೊನೆಗೆ ಉಡುಪಿ ಕಡೆಯ ಶಂಕರಪುರದ ಹತ್ತಿರ ನಾವು ಬಿಎಂಎಕ್ಸ್, ಅಂದರೆ ಮಣ್ಣಿನ ದಾರಿಯಲ್ಲಿ ರೇಸ್ ಬಿಡುವ ಚಿಕ್ಕ ಚಕ್ರದ ಸೈಕಲ್, ಓಡಿಸಿದ್ದು ಅಂಥ ಗದ್ದೆಯಲ್ಲೇ. ಈಗ ಅಕ್ಕನ ಮಗನಿಗೂ ಅವನ ದೋಸ್ತಿಗಳಿಗೂ ಅಂಥದ್ದೇ ಒಂದು ಕಟ್ಟಿಕೊಟ್ಟಿದ್ದೇನೆ. ನಿಮ್ಮ ಮನೆ ಹತ್ತಿರ ಖಾಲಿ ಗದ್ದೆ ಇದ್ದರೆ ನೀವೂ ಮಾಡಬಹುದು.

ಮೊದಲು ಗದ್ದೆಯವರನ್ನು ಕೇಳಿ. ಕೆಲವರು ಕೊಯ್ಲಾದ ಕೂಡಲೇ ಉದ್ದು, ಹುರುಳಿ ಹಾಕುತ್ತಾರೆ. ಅಂಥ ಗದ್ದೆಯ ಆಸೆ ಬಿಡಿ. ನಾನು ಕೇಳಿದಾಗ ಶೆಟ್ರು ಹೇಳಿದ್ದು ಇಷ್ಟೇ: "ಮಕ್ಕಳು ಆಡ್ಲಿ ಮಾರಾಯ್ರೇ, ಹುಣಿ ಮಾತ್ರ ಮುಟ್ಬೇಡಿ." ಆ ಮಾತು ಸರಿ. ಹುಣಿ, ಅಂದರೆ ಗದ್ದೆಯ ಬದು, ಕಡಿದರೆ ಮುಂದಿನ ಮಳೆಗೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ.

ಇಪ್ಪತ್ತು ಸೆಂಟ್ಸ್ ಜಾಗ ಧಾರಾಳ ಸಾಕು. ಒಂದು ನೇರ ದಾರಿ, ಒಂದು ತಿರುವು, ವಾಪಸ್ ಇನ್ನೊಂದು ನೇರ ದಾರಿ. ಮಕ್ಕಳು ಓಡಿಸುವುದು ಸಂಜೆ ಶಾಲೆ ಬಿಟ್ಟ ಮೇಲೆ ಅಲ್ವಾ? ಹಾಗಾಗಿ ಮೊದಲ ನೇರ ದಾರಿ ಪೂರ್ವಕ್ಕೆ ಮುಖ ಮಾಡಿರಲಿ. ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ಕಡಲ ಗಾಳಿಯೂ ಬೆನ್ನಿಗೆ ಸಿಗುತ್ತದೆ.

ಹೊರಡುವ ಜಾಗಕ್ಕೆ ಎತ್ತರ ಬೇಕು. ಒಲಿಂಪಿಕ್ಸ್‌ಗೆ ಬಿಎಂಎಕ್ಸ್ ರೇಸ್ ಸೇರಿದ್ದು 2008ರಲ್ಲಿ, ಬೀಜಿಂಗ್‌ನಲ್ಲಿ. ಅಲ್ಲಿ ಎಂಟು ಮೀಟರ್ ಎತ್ತರದಿಂದ ಎಂಟು ಜನ ಒಟ್ಟಿಗೆ ಇಳಿಯುತ್ತಾರೆ. ನಮಗೆ ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ನಡುವೆ ಇರುವ ದರೆಯೇ ಸಾಕು, ಒಂದು ಮೀಟರ್ ಸಿಕ್ಕಿದರೆ ಬೇಕಾದಷ್ಟಾಯಿತು. ದರೆಯನ್ನು ಅಗೆಯಬೇಡಿ. ಅದಕ್ಕೆ ಒರಗಿಸಿ ಮಣ್ಣು ಹಾಕಿ ಇಳಿಜಾರು ಮಾಡಿ. ಅಗಲ ನಾಲ್ಕು ಮೀಟರ್ ಇದ್ದರೆ ಮೂವರು ಮಕ್ಕಳು ಕೈ ತಾಗದೆ ಹೊರಡಬಹುದು.

ಗೇಟಿಗೆ ಒಂದು ಸಲಾಕೆ, ಅಂದರೆ ಅಡಿಕೆ ಮರದ ಸೀಳು. ಅದನ್ನು ಹಗ್ಗದಿಂದ ಹಿಡಿದು ಅಡ್ಡಕ್ಕೆ ನಿಲ್ಲಿಸಿ, ಮೂರೂ ಸೈಕಲಿನ ಮುಂದಿನ ಚಕ್ರ ಅದಕ್ಕೆ ತಾಗಿರಬೇಕು. ಹಗ್ಗ ಬಿಟ್ಟರೆ ಸಲಾಕೆ ಮುಂದಕ್ಕೆ ಬೀಳಬೇಕು, ಸವಾರನ ಕಡೆಗಲ್ಲ. ದೊಡ್ಡ ರೇಸ್‌ಗಳಲ್ಲಿ "ರೈಡರ್ಸ್ ರೆಡಿ, ವಾಚ್ ದ ಗೇಟ್" ಅಂದ ಮೇಲೆ ಗೇಟು ಯಾವಾಗ ಬೀಳುತ್ತದೆಂದು ಯಾರೂ ಲೆಕ್ಕ ಹಾಕಲಾಗದ ಹಾಗೆ ಪ್ರತಿ ಸಲ ಬೇರೆ ಬೇರೆ ಹೊತ್ತು ತಡೆದು ಬಿಡುತ್ತಾರೆ. ಹಗ್ಗ ಹಿಡಿದವನೂ ಹಾಗೇ ಮಾಡಬೇಕು. ನಮ್ಮ ಕಾಲದಲ್ಲಿ ಹಗ್ಗ ಹಿಡಿದವನ ತಮ್ಮ ರೇಸ್‌ನಲ್ಲಿದ್ದರೆ ಜಗಳ ಗ್ಯಾರಂಟಿ.

ಇನ್ನು ತಿರುವು. ನಿಮ್ಮ ಬೆವರೆಲ್ಲ ಇಲ್ಲೇ ಸುರಿಯಲಿ. ಸಪಾಟಾದ ತಿರುವಿನಲ್ಲಿ ಮಕ್ಕಳು ಬ್ರೇಕ್ ಹಿಡಿಯುತ್ತಾರೆ, ಚಕ್ರ ಜಾರುತ್ತದೆ, ರೇಸ್ ಅಲ್ಲಿಗೇ ಸಪ್ಪೆ. ಹೊರಗಡೆ ಮಣ್ಣಿನ ಗೋಡೆ ಎಬ್ಬಿಸಿದರೆ ಸೈಕಲ್ ವಾಲಿದಷ್ಟೂ ಟೈರು ಗೋಡೆಗೆ ಒತ್ತುತ್ತದೆ, ಬ್ರೇಕ್ ಬೇಡವೇ ಬೇಡ. ಮುಕ್ಕಾಲು ಮೀಟರ್ ಎತ್ತರ ಮಾಡಿ. ಒಳಮೈ ಬಾಣಲೆಯ ಹಾಗೆ ಬಗ್ಗಿರಲಿ. ಗದ್ದೆ ಮಣ್ಣೊಂದರಿಂದ ಇದು ಆಗುವುದಿಲ್ಲ, ಒಣಗಿದರೆ ಪುಡಿಯಾಗುತ್ತದೆ. ಮುರಕಲ್ಲು ಸೀಮೆಯ ಕೆಂಪು ಮಣ್ಣು ಒಂದು ಪಿಕಪ್ ತರಿಸಿ. ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ಅಂಗಳ ಬಡಿಯುವ ಹಲಗೆಯಿಂದ ಬಡಿಯಿರಿ. ಮೇಲೆ ಮತ್ತೆ ಅರ್ಧ ಅಡಿ. ಒಂದೇ ಸಲ ರಾಶಿ ಹಾಕಿ ಮೇಲಿಂದ ಬಡಿದರೆ ಒಳಗೆ ಪೊಳ್ಳಾಗಿ ಉಳಿಯುತ್ತದೆ. ಎರಡು ದಿನ ಮಡಲು (ತೆಂಗಿನ ಗರಿ) ಮುಚ್ಚಿ ನಿಧಾನಕ್ಕೆ ಒಣಗಲು ಬಿಡಿ, ಬಿರುಕು ಕಡಿಮೆ. ಕೊನೆಗೆ ಸೆಗಣಿ ನೀರಿನಿಂದ ಸಾರಿಸಿದರೆ ಧೂಳು ಏಳುವುದಿಲ್ಲ. ಇದನ್ನು ಹೇಳಿಕೊಟ್ಟದ್ದು ನಮ್ಮಮ್ಮ. ಮಲ್ಲಿಗೆ ಕಟ್ಟುತ್ತಾ ಕೂತಲ್ಲಿಂದಲೇ ಇಂಜಿನಿಯರ್ ಕೆಲಸ ಮಾಡಿದ್ದಳು.

ವಾಪಸ್ ಬರುವ ದಾರಿಯಲ್ಲಿ ದಿಬ್ಬಗಳು. ಎತ್ತರ ಒಂದಡಿಯಾದರೆ ಒಂದರಿಂದ ಇನ್ನೊಂದಕ್ಕೆ ಹತ್ತಡಿ, ಈ ಲೆಕ್ಕ ಹಿಡಿದುಕೊಳ್ಳಿ. ಹತ್ತಿರ ಹತ್ತಿರ ಮಾಡಿದರೆ ಮುಂದಿನ ಚಕ್ರ ಹೋಗಿ ಕುಟ್ಟುತ್ತದೆ. ಹಾರಿಸುವ ದೊಡ್ಡ ದಿಬ್ಬ ಮಕ್ಕಳು ಎಷ್ಟು ಕೇಳಿದರೂ ಮೊದಲ ವರ್ಷ ಬೇಡ. ದಿಬ್ಬ ಏರುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲಿನಿಂದ ಒತ್ತಿದರೆ ಪೆಡಲ್ ತುಳಿಯದೆಯೂ ವೇಗ ಬರುತ್ತದೆ. ಅದು ಕೈಗೆ ಹತ್ತಿದ ಮೇಲೆ ಉಳಿದದ್ದು.

ಸೈಕಲಿನ ವಿಷಯ. 1970ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮೋಟೋಕ್ರಾಸ್ ನೋಡಿ, ಶ್ವಿನ್ ಸ್ಟಿಂಗ್‌ರೇ ಅನ್ನುವ 20 ಇಂಚು ಚಕ್ರದ ಸೈಕಲನ್ನು ಮಣ್ಣಿಗಿಳಿಸಿದ್ದರಿಂದ ಈ ಆಟ ಶುರುವಾಯಿತು. ನಮ್ಮೂರಿಗೆ ಮೊದಲ ಬಿಎಂಎಕ್ಸ್ ಬಂದದ್ದು ಬೊಂಬಾಯಿ ಬಸ್ಸಿನ ಟಾಪಿನ ಮೇಲೆ. ದೋಸ್ತಿಯ ಮಾವ ಕಳಿಸಿದ್ದು. ಹ್ಯಾಂಡಲಿಗೆ, ನಡುವಿನ ಪೈಪಿಗೆ ಹಳದಿ ಸ್ಪಂಜಿನ ಪ್ಯಾಡ್. ಬಿದ್ದರೆ ಎದೆಗೆ, ಹಲ್ಲಿಗೆ ಪೆಟ್ಟಾಗಬಾರದೆಂದು ಅದು ಇರುವುದು. ನಾವು ಸ್ಟೈಲ್ ಅಂದುಕೊಂಡು ಬಾಡಿಗೆ ಸೈಕಲಿಗೂ ಹಳೇ ಲುಂಗಿ ಸುತ್ತಿದೆವು.

ನಿಮ್ಮ ಮಕ್ಕಳ ಸೈಕಲ್ 20 ಇಂಚಿನದಾದರೆ ಸಾಕು, ಬಿಎಂಎಕ್ಸ್ ಅಂತ ಬರೆದಿರಲೇಬೇಕೆಂದಿಲ್ಲ. ಸ್ಟ್ಯಾಂಡ್, ಕ್ಯಾರಿಯರ್, ಮಡ್‌ಗಾರ್ಡ್ ಬಿಚ್ಚಿ. ಹ್ಯಾಂಡಲಿನ ತುದಿಯ ರಬ್ಬರ್ ಹರಿದಿದ್ದರೆ ಇವತ್ತೇ ಹೊಸದು ಹಾಕಿ, ಆ ಪೈಪು ಹೊಟ್ಟೆಗೆ ಚುಚ್ಚಿದರೆ ಹುಡುಗಾಟವಲ್ಲ. ಸೀಟು ಪೂರ್ತಿ ಕೆಳಗೆ, ಏಕೆಂದರೆ ಕೂತು ಓಡಿಸುವ ಆಟವಲ್ಲ ಇದು. ರೇಸ್ ಸೈಕಲಿನ ಚೈನು ಕೂರುವ ಚಕ್ರಗಳಿಗೆ ಮುಂದೆ 44, ಹಿಂದೆ 16 ಹಲ್ಲು ಹಳೇ ರೂಢಿ. ಒಂದು ಸುತ್ತು ತುಳಿದರೆ ಸುಮಾರು ನಾಲ್ಕೂವರೆ ಮೀಟರ್ ಹೋಗುತ್ತದೆ. ಚಿಕ್ಕವರಿಗೆ ಅದು ಭಾರ, ಇದ್ದದ್ದೇ ಇರಲಿ. ಚೈನಿಗೆ ತೆಂಗಿನೆಣ್ಣೆ ಬಿಡಬೇಡಿ. ಧೂಳು ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಸೈಕಲ್ ಅಂಗಡಿಯ ತೆಳು ಎಣ್ಣೆ ಬಿಟ್ಟು ಬಟ್ಟೆಯಲ್ಲಿ ಒರೆಸಿ. ನಮ್ಮ ಉಪ್ಪುಗಾಳಿಗೆ ವಾರಕ್ಕೊಮ್ಮೆಯಾದರೂ ಬೇಕು.

ಹೆಲ್ಮೆಟ್, ಶೂ, ಉದ್ದ ಪ್ಯಾಂಟ್ ಇಲ್ಲದವರಿಗೆ ಹಗ್ಗ ಹಿಡಿಯುವ ಕೆಲಸ. ಇದರಲ್ಲಿ ರಿಯಾಯಿತಿ ಇಲ್ಲ.

ಹೊರಡುವಾಗ ಪೆಡಲ್ ಎರಡೂ ನೆಲಕ್ಕೆ ಸಮ ಇರಲಿ, ಬಲವಾದ ಕಾಲು ಮುಂದೆ. ಕಣ್ಣು ಸಲಾಕೆಯ ಮೇಲೆ. ತಿರುವಿಗೆ ಮೊದಲು ಮುಟ್ಟಿದವನನ್ನು ಹಿಂದಿಕ್ಕುವುದು ಕಷ್ಟ, ಹಾಗಾಗಿ ಬರೀ ಹೊರಡುವುದನ್ನೇ ಜಾಸ್ತಿ ಅಭ್ಯಾಸ ಮಾಡಿಸಿ. ಮಕ್ಕಳಿಗೆ ಬೋರ್ ಆಗುತ್ತದೆ. ಆಗಲಿ. ಗೆದ್ದವರಿಗೆ ಗೋಳಿಬಜೆ ಅಂತ ಹೇಳಿ, ಎಲ್ಲರಿಗೂ ಕೊಡಿ.

ಮೇ ಮೂರನೇ ವಾರ ಸಲಾಕೆ, ಹಗ್ಗ ಒಳಗಿಟ್ಟು ಎಲ್ಲ ಕೆಡವಿಬಿಡಿ. ಗದ್ದೆಯ ಮಣ್ಣು ಗದ್ದೆಗೇ ಹರಡಿ. ಕೆಂಪು ಮಣ್ಣನ್ನು ಮಾತ್ರ ಪೂರ್ತಿ ಕೆರೆದು ತೆಂಗಿನ ಬುಡಕ್ಕೆ ಸಾಗಿಸಿ, ಮಕ್ಕಳ ಕೈಯಲ್ಲೇ ಹೊರಿಸಿ. ಗದ್ದೆ ಮೊದಲಿದ್ದ ಹಾಗೇ ಕಂಡರೆ ಬರುವ ನವೆಂಬರಿನಲ್ಲಿ ಶೆಟ್ರ ಹತ್ತಿರ ಮತ್ತೆ ಹೋಗಿ ಕೇಳಬಹುದು.