‘ಅಸು ಉಲು ತಿತು’: ನಲಿ-ಕಲಿ ತರಗತಿಯಲ್ಲಿ ನನ್ನ ಅನುಭವ

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ, ಚಟುವಟಿಕೆಗಳ ಮೂಲಕ ನಲಿಯುತ್ತ ಕಲಿಸುವ ನಲಿ-ಕಲಿ ಪದ್ಧತಿಯ ತರಗತಿ ನಡೆಸುವ ನಾನು, ಒಂದನೇ ತರಗತಿಗೆ ಬಂದ ಮಕ್ಕಳ ಕೈಗೆ ಮೊದಲು ಪೆನ್ಸಿಲ್ ಕೊಡುವುದಿಲ್ಲ. ಬೆರಳುಗಳಿಗೆ ಹಿಡಿತ ಬರಲೆಂದು ಜೇಡಿಮಣ್ಣು ಕಲಸಿಸುತ್ತೇನೆ, ಅಕ್ಷರದ ಗೆರೆಯ ಮೇಲೆ ಹುಣಸೆಬೀಜ ಜೋಡಿಸಲು ಹೇಳುತ್ತೇನೆ, ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆಸುತ್ತೇನೆ.

1995ರಲ್ಲಿ ನೆರೆಯ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರದೆ ರ, ಗ, ಸ, ದ, ಅ ಎಂದು ಮೊದಲಾಗುತ್ತವೆ. ಇಷ್ಟರಿಂದಲೇ ಸರ, ಅರಸ, ಗರಗಸ ಎಂದು ಬರೆಯಬಹುದಾದ್ದರಿಂದ, ಅಕ್ಷರ ಕೂಡಿದರೆ ಮಾತಾಗುತ್ತದೆ ಎಂಬುದು ಮಗುವಿಗೆ ಬೇಗನೆ ಹೊಳೆಯುತ್ತದೆ.

ಆದರೆ ಬರವಣಿಗೆ ನಿಜವಾಗಿ ಶುರುವಾಗುವುದು ಮಗು ತನ್ನದೇ ಮಾತನ್ನು ಬರೆದಾಗ ಎಂದು ನಾನು ದೃಢವಾಗಿ ನಂಬಿದ್ದೇನೆ. ಹಸುವಿನ ಚಿತ್ರ ಬಿಡಿಸಿದ ಹುಡುಗಿಯೊಬ್ಬಳು ಅದರ ಕೆಳಗೆ ‘ಅಸು ಉಲು ತಿತು’ ಎಂದು ಬರೆದಿದ್ದಳು. ನಮ್ಮ ಕಡೆ ಮನೆಮಾತಿನಲ್ಲಿ ಹಕಾರ ಬಿದ್ದುಹೋಗುವುದರಿಂದ ಅವಳು ಕಿವಿಗೆ ಬಿದ್ದದ್ದನ್ನೇ ಸರಿಯಾಗಿ ಬರೆದಿದ್ದಳು. ಸೊನ್ನೆ ಮತ್ತು ಒತ್ತಕ್ಷರ ಮಾತ್ರ ಅವಳಿಗೆ ಇನ್ನೂ ಒಲಿದಿರಲಿಲ್ಲ. ಕೆಂಪು ಶಾಯಿಯಲ್ಲಿ ಹೊಡೆದುಹಾಕದೆ, ಅದರ ಕೆಳಗೆ ‘ಹಸು ಹುಲ್ಲು ತಿಂತು’ ಎಂದು ಬರೆದು ಎರಡನ್ನೂ ಅವಳಿಂದಲೇ ಓದಿಸಿದೆ. ‘ಹುಲ್-ಲು’ ಎಂದು ಚಪ್ಪಾಳೆ ತಟ್ಟಿಸಿದಾಗ, ನಡುವೆ ಲಕಾರ ಎರಡು ಸಲ ಕೇಳುತ್ತದೆ ಎಂದು ಅವಳೇ ಹೇಳಿದಳು.

ಒತ್ತಕ್ಷರಗಳಲ್ಲೂ ಕ್ರಮ ಬೇಕು. ಅಪ್ಪ, ಅಜ್ಜಿ, ಕಬ್ಬು ಪದಗಳಲ್ಲಿ ಒತ್ತು ತಲೆಕಟ್ಟಿಲ್ಲದ ಅದೇ ಅಕ್ಷರದಂತೆ ಕಾಣುವುದರಿಂದ ಅವುಗಳನ್ನು ಮೊದಲು ಕಲಿಸುತ್ತೇನೆ. ಮ, ತ, ನ, ಲ ಇವುಗಳ ಒತ್ತು ರೂಪವನ್ನೇ ಬದಲಿಸಿಕೊಳ್ಳುವುದರಿಂದ, ಎಷ್ಟೇ ಪರಿಚಿತವಾಗಿದ್ದರೂ ‘ಅಮ್ಮ’ ಆಮೇಲೆ ಬರುತ್ತದೆ.

‘ಪುಟದ ತುಂಬ ಕಾಪಿ ಬರೆಸಿ ಮಿಸ್’ ಎಂದು ಪೋಷಕರು ಕೇಳುವುದುಂಟು. ನೋಡಿ ಬರೆಯುವುದರಿಂದ ಅಕ್ಷರ ದುಂಡಗಾಗಬಹುದು. ಆದರೆ ಹೇಳಬೇಕಾದದ್ದನ್ನು ಹೇಳಲು ಅದು ಕಲಿಸುವುದಿಲ್ಲ. ಹಾಗಾಗಿ ಮಕ್ಕಳ ಪುಟಗಳಿಗೆ ದಿನಾಂಕ ಹಾಕಿ ಇಟ್ಟುಕೊಂಡು, ಪೋಷಕರ ಸಭೆಯಲ್ಲಿ ಜೂನ್ ತಿಂಗಳ ಪುಟವನ್ನೂ ದಸರಾ ರಜೆಯ ನಂತರದ್ದನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಮಗುವಿನಿಂದಲೇ ಓದಿಸುತ್ತೇನೆ.